ಎರಡು ಬಾಗಿಲಿಗಾಗಿ ನಾಲ್ಕು ವರ್ಷ

ಹೈವೇಯಲ್ಲಿ ಹೋಗುವಾಗ ಯಾವತ್ತಾದರೂ ನೋಡಿರ್ತೀರಿ. ಮೂತಿಯಿಂದ ಬಾಲದವರೆಗೆ ಕಪ್ಪು-ಬಿಳಿ ಸುರುಳಿ ಸುರುಳಿ ಸ್ಟಿಕ್ಕರ್ ಸುತ್ತಿಕೊಂಡ ಗಾಡಿಯೊಂದು ಪಕ್ಕದಲ್ಲೇ ಹಾದುಹೋಗುತ್ತೆ. ಮೇಲೆ ಕಂಪನಿ ಹೆಸರಿಲ್ಲ, ಲೋಗೋ ಇಲ್ಲ. ಹೆಚ್ಚಿನವರು ‘ಯಾವುದೋ ವಿಚಿತ್ರ ಗಾಡಿ’ ಅಂತ ಸುಮ್ಮನಾಗ್ತಾರೆ. ಆದರೆ ಇನ್ನೊಂದು ಜಾತಿಯ ಜನ ಇದ್ದಾರೆ. ಡ್ರೈವರ್ ಪಕ್ಕದ ಸೀಟಿನಲ್ಲಿದ್ದರೆ ತಕ್ಷಣ ಫೋನ್ ತೆಗೆದು ಫೋಟೊ ಹೊಡೀತಾರೆ. ಐದು ನಿಮಿಷದಲ್ಲಿ ಅದು ನಾಲ್ಕು ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತೆ. ಆಮೇಲೆ ಶುರು: ಟೇಲ್ ಲ್ಯಾಂಪ್ ನೋಡು, ಸನ್‌ರೂಫ್ ಇದೆಯಾ ನೋಡು, ಹಿಂದಿನ ಬಾಗಿಲಿನ ಹಿಡಿಕೆ ಎಲ್ಲಿದೆ ನೋಡು.

ನಾನು ಆ ಎರಡನೇ ಜಾತಿಯವಳು. ದಿನವಿಡೀ ಕೋಡ್ ಬರೆಯೋದು ಕೆಲಸ. ಬೆಂಗಳೂರಿನಲ್ಲಿ ಸ್ವಂತ ಕಾರಿಲ್ಲ. ಬಾಡಿಗೆ ಮನೆಯಲ್ಲಿ ಪಾರ್ಕಿಂಗ್ ಇಲ್ಲ, ಇದ್ದರೂ ಟ್ರಾಫಿಕ್‌ನಲ್ಲಿ ಓಡಿಸುವ ಧೈರ್ಯ ಇಲ್ಲ. ಆದರೂ ಇನ್ನೂ ಬಾರದ ಕಾರಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ‘ಬಂದ ಮೇಲೆ ಹೇಗೂ ಗೊತ್ತಾಗುತ್ತಲ್ಲ, ಈಗಲೇ ಯಾಕೆ ತಲೆಬಿಸಿ?’ ಅಂತ ಕೇಳುವವರಿಗಾಗಿ ಇದನ್ನು ಬರೀತಿದ್ದೀನಿ.

ನಮ್ಮ ಗ್ರೂಪಿನಲ್ಲಿ ಐದೇ ಜನ. ನಾನು, ನಮ್ಮ ಟೀಮಿನ ಒಬ್ಬ ಟೆಸ್ಟರ್, ಮದುವೆಯಾಗಿ ಒಂದು ವರ್ಷವಾಗಿದ್ದ ಇನ್ನೊಬ್ಬ ಸಹೋದ್ಯೋಗಿ, ಪುಣೆಯಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗ, ಮತ್ತೆ ಊರಲ್ಲಿರುವ ಚಿಕ್ಕಪ್ಪ. ನಾವು ಕಾದದ್ದು ಒಂದೇ ಗಾಡಿಗೆ: ಐದು ಬಾಗಿಲಿನ ಥಾರ್.

ಹಿನ್ನೆಲೆ ಸ್ವಲ್ಪ ಹೇಳಬೇಕು. ಮಹೀಂದ್ರ ಕಂಪನಿ 2020ರ ಆಗಸ್ಟ್ 15ರಂದು ಹೊಸ ಥಾರ್ ತೋರಿಸಿತು. ನೋಡೋಕೆ ಹಳೇ ಜೀಪಿನ ಮೊಮ್ಮಗನ ಹಾಗೆ, ಒಳಗೆ ಮಾತ್ರ ಈಗಿನ ಕಾಲದ ಕಾರು. ನಮ್ಮಂಥವರಿಗೆ ಹುಚ್ಚು ಹಿಡಿಯೋಕೆ ಅಷ್ಟೇ ಸಾಕಾಗಿತ್ತು. ತೊಂದರೆ ಒಂದೇ. ಪಕ್ಕಕ್ಕೆ ಎರಡೇ ಬಾಗಿಲು, ಮೂರನೆಯದು ಹಿಂದಿನ ಡಿಕ್ಕಿಯದು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಬಗ್ಗಿ, ನುಸುಳಿ ಹೋಗಬೇಕು. ಕಾಲೇಜು ಹುಡುಗರಿಗೆ ಅದು ಮಜಾ. ನಮ್ಮ ಅಮ್ಮನಿಗೆ ಅದು ಗೋಡೆ.

ಅಮ್ಮನ ಮಂಡಿ ಸವೆದು ಕೆಲವು ವರ್ಷ ಆಯ್ತು. ನಮ್ಮೂರು ತೀರ್ಥಹಳ್ಳಿ ಹತ್ತಿರ, ಅವಳ ತವರು ಕೊಪ್ಪದ ಕಡೆ. ದೂರ ಏನೂ ಇಲ್ಲ. ಆದರೆ ತವರಿಗೆ ಹೋಗುವ ದಾರಿಯಲ್ಲಿ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ಏರು. ಮಳೆಗಾಲ ಶುರುವಾದರೆ ಸಾಮಾನ್ಯ ಕಾರು ಅಲ್ಲಿ ಹತ್ತೋದಿಲ್ಲ. ಮನೆಯಲ್ಲಿ ಚಿಕ್ಕಪ್ಪನ ಹಳೇ ಕಮಾಂಡರ್ ಜೀಪ್ ಇದೆ, ಅದು ಎಲ್ಲಿಗೆ ಬೇಕಾದರೂ ಹತ್ತುತ್ತೆ. ಆದರೆ ಜೀಪಿಗೆ ಅಮ್ಮ ಹತ್ತೋಕೆ ಆಗಲ್ಲ. ಹಿಂದಿನಿಂದ ಹತ್ತಿ, ಅಡ್ಡ ಬೆಂಚಿನಲ್ಲಿ ಕೂತು, ಪ್ರತಿ ಗುಂಡಿಗೂ ಕಂಬಿ ಹಿಡಿದುಕೊಳ್ಳಬೇಕು. ಮುಂದಿನ ಸೀಟಾದರೂ ಎತ್ತರ. ಹಾಗಾಗಿ ಜೂನ್‌ನಿಂದ ದೀಪಾವಳಿವರೆಗೆ ಅಮ್ಮನಿಗೆ ತವರು ಅಂದರೆ ಫೋನ್ ಮಾತ್ರ. ಅಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದಾರೆ. ‘ಮಳೆ ಬಿಟ್ಟ ಮೇಲೆ ಬರ್ತೀನಿ’ ಅಂತ ಅಮ್ಮ ಪ್ರತಿ ವರ್ಷ ಹೇಳೋದು, ‘ಅಷ್ಟರತನಕ ನಾನಿರ್ತೀನೋ ಇಲ್ಲವೋ’ ಅಂತ ಅಜ್ಜಿ ನಗೋದು. ಆ ನಗು ಕೇಳಿದಾಗಲೆಲ್ಲ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾಗಿಬಿಡ್ತಿದ್ದಳು.

ಹೀಗಾಗಿ ಪೂರ್ತಿ ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ, ಆದರೆ ಹಿಂದೆಯೂ ಸರಿಯಾದ ಬಾಗಿಲಿರುವ ಗಾಡಿ ಬರುತ್ತಂತೆ ಅಂದಾಗ ನನಗೆ ಅದು ಬರೀ ಕಾರಿನ ಸುದ್ದಿಯಾಗಿ ಕೇಳಿಸಲಿಲ್ಲ.

ಈಗ ಆ ಸುರುಳಿ ಸ್ಟಿಕ್ಕರ್ ವಿಷಯಕ್ಕೆ ಬರ್ತೀನಿ. ಹೊಸ ಮಾಡೆಲ್ ಮಾರುಕಟ್ಟೆಗೆ ಬರುವ ಮೊದಲು ನಿಜವಾದ ರಸ್ತೆಯಲ್ಲಿ, ಬಿಸಿಲಲ್ಲಿ, ಘಾಟಿಯಲ್ಲಿ, ಟ್ರಾಫಿಕ್ಕಿನಲ್ಲಿ ಓಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೆಸ್ಟಿಂಗ್. ಸಾಫ್ಟ್‌ವೇರ್‌ನಲ್ಲಿ ನಾವು ಟೆಸ್ಟ್ ಸರ್ವರ್ ಅಂತ ಬೇರೆ ಇಟ್ಟುಕೊಂಡು, ಅಲ್ಲಿ ಎಲ್ಲ ಎಡವಟ್ಟು ಮಾಡಿ ಸರಿಪಡಿಸ್ತೀವಿ. ಕಾರಿನವರಿಗೆ ಟೆಸ್ಟ್ ಟ್ರ್ಯಾಕ್ ಇದ್ದರೂ ಕೊನೆಗೆ ಊರ ಮಧ್ಯದ ರಸ್ತೆಗೆ ಇಳಿಯಲೇಬೇಕು. ಗುಟ್ಟು ಉಳಿಸಿಕೊಳ್ಳೋಕೆ ಇರುವ ದಾರಿ ಈ ಸ್ಟಿಕ್ಕರ್. ಅದು ಗಾಡಿಯನ್ನು ಬಚ್ಚಿಡಲ್ಲ, ಎಲ್ಲರಿಗೂ ಎದ್ದು ಕಾಣುತ್ತೆ. ಆದರೆ ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಗೆರೆ ಅಂತ ಕಣ್ಣಿಗೆ ಗೊತ್ತಾಗದ ಹಾಗೆ ಮಾಡುತ್ತೆ. ಈ ಉಪಾಯದ ಹಿರಿಯಣ್ಣ ಮೊದಲ ಮಹಾಯುದ್ಧದ ಕಾಲದ್ದು. 1917ರಲ್ಲಿ ನಾರ್ಮನ್ ವಿಲ್ಕಿನ್ಸನ್ ಎಂಬ ಬ್ರಿಟಿಷ್ ಚಿತ್ರಕಾರ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆ ಬಳಿಯುವ ಯೋಚನೆ ಕೊಟ್ಟ. ಹಡಗು ಯಾವ ಕಡೆ, ಎಷ್ಟು ವೇಗದಲ್ಲಿ ಹೋಗ್ತಿದೆ ಅಂತ ಶತ್ರುವಿನ ಸಬ್‌ಮರೀನ್‌ಗೆ ಲೆಕ್ಕ ತಪ್ಪಬೇಕು, ಅಷ್ಟೇ.

ಆದರೆ ಸ್ಟಿಕ್ಕರ್ ಏನನ್ನೇ ಮುಚ್ಚಿದರೂ ಚಕ್ರವನ್ನು ಮುಚ್ಚೋಕೆ ಆಗಲ್ಲ. ನಮ್ಮ ಪತ್ತೇದಾರಿಕೆ ಶುರುವಾಗೋದು ಅಲ್ಲಿಂದಲೇ.

ಥಾರ್‌ನ ಟೈರಿನ ಮೇಲೆ 255/65 ಆರ್18 ಅಂತ ಬರೆದಿರುತ್ತೆ. 18 ಇಂಚಿನ ರಿಮ್, ಅದರ ಮೇಲೆ-ಕೆಳಗೆ ರಬ್ಬರ್ ಸೇರಿಸಿದರೆ ಚಕ್ರದ ಎತ್ತರ ಸುಮಾರು 79 ಸೆಂಟಿಮೀಟರ್. ಪುಣೆಯ ಅಣ್ಣ ಒಂದು ದಿನ ಚಾಕಣ್ ರಸ್ತೆಯಲ್ಲಿ ಪಕ್ಕದಿಂದ ತೆಗೆದ ಫೋಟೊ ಕಳಿಸಿದ. ನಾನು ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಪಿಕ್ಸೆಲ್ ಎಣಿಸಿದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಮೂರು ಚಕ್ರ ಪೂರ್ತಿ ಕೂರುತ್ತೆ, ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 3.6 ಅಂತ ಇಟ್ಟುಕೊಂಡರೆ 2.84 ಮೀಟರ್. ಮೂರು ಬಾಗಿಲಿನ ಥಾರ್‌ನಲ್ಲಿ ಇದೇ ಅಳತೆ 2.45 ಮೀಟರ್. ಅಂದರೆ ಹತ್ತಿರ ಹತ್ತಿರ 40 ಸೆಂಟಿಮೀಟರ್ ಹೆಚ್ಚು ಜಾಗ. ಅದು ಹಿಂದಿನ ಬಾಗಿಲಿಗೂ ಹಿಂದೆ ಕೂತವರ ಕಾಲಿಗೂ ತಾನೇ ಹೋಗೋದು!

ಅವತ್ತು ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

‘40 ಸೆಂಟಿಮೀಟರ್ ಅಂದ್ರೆ ಎಷ್ಟೇ?’

‘ಒಂದು ಮೊಳಕ್ಕೆ ಒಂಚೂರು ಕಡಿಮೆ.’

‘ಒಂದು ಮೊಳ ಹೂ ಅಂದ್ಕೊಂಡು ಮಲಗು ಮಾರಾಯ್ತಿ, ನಾಳೆ ಆಫೀಸಿಲ್ವಾ?’ ಅಂದಳು.

ಅಮ್ಮ ತಮಾಷೆ ಮಾಡಿದರೂ ಆ ಮೊಳದ ಲೆಕ್ಕ ಮರೆಯಲಿಲ್ಲ. ಮುಂದಿನ ವಾರ ಅವಳೇ ಕೇಳಿದಳು, ‘ಆ ಗಾಡಿ ಎಂತ ಆಯ್ತು?’

ಗಾಡಿ ಎಂತದೂ ಆಗಿರಲಿಲ್ಲ. ಆಗಸ್ಟ್ 15 ಬಂತು ಅಂದರೆ ಮಹೀಂದ್ರದವರು ಏನಾದರೂ ತೋರಿಸ್ತಾರೆ ಅನ್ನೋದು ನಮಗೆ ಹಬ್ಬದ ಹಾಗೆ ಅಭ್ಯಾಸವಾಗಿಬಿಟ್ಟಿತ್ತು. 2020ರಲ್ಲಿ ಥಾರ್, 2021ರಲ್ಲಿ ಅದೇ ಹೊತ್ತಿಗೆ ಎಕ್ಸ್‌ಯುವಿ 700, 2022ರಲ್ಲಿ ಬ್ರಿಟನ್‌ನಲ್ಲಿ ಎಲೆಕ್ಟ್ರಿಕ್ ಮಾದರಿಗಳು. 2023ರಲ್ಲಿ ಐದು ಬಾಗಿಲಿನ ಥಾರ್ ಬರಲ್ಲ ಅಂತ ಕಂಪನಿಯೇ ಮೊದಲೇ ಹೇಳಿತ್ತು. ಆದರೂ ನಾವು ಐವರೂ ಕೇಪ್‌ಟೌನ್‌ನ ಕಾರ್ಯಕ್ರಮವನ್ನು ನೇರಪ್ರಸಾರದಲ್ಲಿ ನೋಡಿದೆವು. ಬಂದದ್ದು ಥಾರ್.ಇ. ಐದು ಬಾಗಿಲು ಇದ್ದವು, ಹೌದು. ಆದರೆ ಅದು ಎಲೆಕ್ಟ್ರಿಕ್, ಅದೂ ಬರೀ ಕಾನ್ಸೆಪ್ಟ್, ಅಂದರೆ ಮುಂದೆಂದೋ ಹೀಗಿರಬಹುದು ಅಂತ ತೋರಿಸುವ ಮಾದರಿ. ಚಿಕ್ಕಪ್ಪ ಗ್ರೂಪಿನಲ್ಲಿ ಹಾಕಿದ್ದು ಒಂದೇ ಸಾಲು: ‘ನಮ್ಮ ಮನೇಲಿ ಮಳೆಗಾಲದಲ್ಲಿ ಕರೆಂಟ್ ಇದ್ರೆ ತಾನೇ ಚಾರ್ಜ್ ಮಾಡೋದು?’

ಈ ನಡುವೆ ಬೇರೆಯವರು ಸುಮ್ಮನಿರಲಿಲ್ಲ. ಮಾರುತಿಯವರು 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ತಂದರು. 2024ರ ಮೇನಲ್ಲಿ ಫೋರ್ಸ್ ಕಂಪನಿ ಐದು ಬಾಗಿಲಿನ ಗೂರ್ಖಾ ತಂದಿತು. ನಮ್ಮ ಟೀಮಿನ ಟೆಸ್ಟರ್‌ಗೆ ಕಾದು ಕಾದು ಸಾಕಾಗಿ ಜಿಮ್ನಿ ತಗೊಂಡ. ಗ್ರೂಪ್ ಬಿಟ್ಟು ಮಾತ್ರ ಹೋಗಲಿಲ್ಲ. ‘ಗಾಡಿ ಬಂತು, ಮಾತು ಮುಗೀಬೇಕು ಅಂತ ಎಲ್ಲಿದೆ?’ ಅಂದ.

ಸ್ವಲ್ಪ ದಿನ ಕಳೆದ ಮೇಲೆ ಗಮನಕ್ಕೆ ಬಂದ ವಿಷಯ ಇದು. ನಾವೆಲ್ಲ ಒಂದೇ ಗಾಡಿಯ ಬಗ್ಗೆ ಮಾತಾಡ್ತಿದ್ದರೂ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಗಾಡಿ ಇತ್ತು. ಹೊಸದಾಗಿ ಮದುವೆಯಾದವನು ಯಾವಾಗಲೂ ಊಹಿಸ್ತಿದ್ದದ್ದು ಬೆಲೆಯನ್ನು. ಅವನು 12 ಲಕ್ಷದ ಕೆಳಗೆ ಅಂತ ಹೇಳ್ತಿದ್ದ. ಯಾಕೆಂದರೆ ಅದರ ಮೇಲೆ ಹೋದರೆ ಅವನ ಮನೆ ಸಾಲದ ಜೊತೆ ಇನ್ನೊಂದು ಕಂತು ಕಟ್ಟೋಕೆ ಆಗ್ತಿರಲಿಲ್ಲ. ಪುಣೆಯ ಅಣ್ಣನಿಗೆ ದೊಡ್ಡ ಗಾಜಿನ ಸನ್‌ರೂಫ್ ಬೇಕಿತ್ತು, ಅವನ ಐದು ವರ್ಷದ ಮಗಳು ದಿನಾ ಕೇಳ್ತಿದ್ದಳಂತೆ. ಚಿಕ್ಕಪ್ಪ ಡೀಸೆಲ್ ಮತ್ತು ನಾಲ್ಕು ಚಕ್ರದ ಶಕ್ತಿ ಬಿಟ್ಟು ಬೇರೆ ಮಾತೇ ಆಡ್ತಿರಲಿಲ್ಲ. ನಾನು ಹಿಂದಿನ ಬಾಗಿಲು ಎಷ್ಟು ಅಗಲ ತೆರೆದುಕೊಳ್ಳುತ್ತೆ ಅಂತ ಫೋಟೊ ಹುಡುಕ್ತಿದ್ದೆ. ‘ಇದು ಖಂಡಿತ ಬರುತ್ತೆ’ ಅಂತ ಯಾರಾದರೂ ಅಂದರೆ ‘ಇದು ನನಗೆ ಬೇಕು’ ಅಂತ ಓದಿಕೊಳ್ಳಬೇಕು. ಎದುರಿಗೆ ಕೂತು ‘ನನ್ನ ಕೈಲಿ ಇಷ್ಟು ದುಡ್ಡಿಲ್ಲ’, ‘ನನ್ನ ಅಮ್ಮನಿಗೆ ನಡೆಯೋಕೆ ಆಗಲ್ಲ’ ಅಂತ ಹೇಳೋದು ಕಷ್ಟ. ಬಾರದ ಕಾರಿನ ನೆಪದಲ್ಲಿ ಅದನ್ನೆಲ್ಲ ಸಲೀಸಾಗಿ ಹೇಳಿಕೊಳ್ಳಬಹುದು.

ಹೆಸರಿನ ಊಹೆಯೂ ಜೋರಾಗಿತ್ತು. ‘ಥಾರ್ ಆರ್ಮಡಾ’ ಅಂತ ಎಲ್ಲೆಡೆ ಮಾತು. 90ರ ದಶಕದಲ್ಲಿ ಮಹೀಂದ್ರದ್ದೇ ಆರ್ಮಡಾ ಅನ್ನೋ ಗಾಡಿ ಇತ್ತು, ಮಲೆನಾಡಿನಲ್ಲಿ ಓಡಾಡಿದವರಿಗೆ ನೆನಪಿರುತ್ತೆ. ಚಿಕ್ಕಪ್ಪನಿಗೆ ಆ ಹೆಸರು ಕೇಳಿಯೇ ಖುಷಿಯಾಗಿತ್ತು. 2024ರ ಜುಲೈ 20ಕ್ಕೆ ಕಂಪನಿ ಹೆಸರು ಹೇಳಿತು: ಥಾರ್ ರಾಕ್ಸ್. ಚಿಕ್ಕಪ್ಪ ಕೇಳಿದರು, ‘ರಾಕ್ಸ್ ಅಂದ್ರೆ ಕಲ್ಲಾ?’ ಹೌದು ಅಂದೆ. ‘ಹಂಗಾದ್ರೆ ನಮ್ಮೂರ ರಸ್ತೆ ನೋಡೇ ಇಟ್ಟಿರೋದು.’

ಕೊನೆಗೂ ಸ್ವಾತಂತ್ರ್ಯ ದಿನದ ಹೊತ್ತಿಗೆ ಪರದೆ ಸರಿಯಿತು. ಉದ್ದ 4,428 ಮಿಲಿಮೀಟರ್. ಚಕ್ರದಿಂದ ಚಕ್ರಕ್ಕೆ 2,850. ನಮ್ಮ ಪಿಕ್ಸೆಲ್ ಲೆಕ್ಕಕ್ಕೂ ಅದಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ. ಗ್ರೂಪಿನಲ್ಲಿ ಅವತ್ತು ನನಗೆ ಸಿಕ್ಕ ಮರ್ಯಾದೆ ಆಫೀಸಿನ ಅಪ್ರೈಸಲ್‌ನಲ್ಲೂ ಸಿಕ್ಕಿಲ್ಲ! ಮೇಲಿನ ಮಾದರಿಗಳಿಗೆ ದೊಡ್ಡ ಸನ್‌ರೂಫ್ ಬಂತು, ಪುಣೆಯ ಪುಟ್ಟಿ ಗೆದ್ದಳು. ಹಿಂದಿನ ಬಾಗಿಲಿನ ಹಿಡಿಕೆ ಕಿಟಕಿಯ ಮಟ್ಟದಲ್ಲಿ ನೆಟ್ಟಗೆ ನಿಂತಿತ್ತು. ಯಾರೂ ಊಹಿಸದೇ ಇದ್ದದ್ದು ಒಂದಿತ್ತು: ಒಳಗೆಲ್ಲ ಬಿಳಿ ಸೀಟು. ಜೀಪಿನ ವಂಶದ ಗಾಡಿಗೆ ಬಿಳಿ ಸೀಟಾ ಅಂತ ದೇಶದ ತುಂಬ ಚರ್ಚೆ ಆಯ್ತು. ‘ಅಡಿಕೆ ತೋಟದಿಂದ ಬಂದು ಅದರಲ್ಲಿ ಕೂರೋದು ಹೇಗೆ, ಪ್ಲಾಸ್ಟಿಕ್ ಹಾಸ್ಬೇಕಾ?’ ಅಂತ ಚಿಕ್ಕಮ್ಮ ಕೇಳಿದರು. ಎಷ್ಟೋ ಜನ ಹಾಗೇ ಕೇಳಿರಬೇಕು. ಮುಂದೆ 4x4 ಮಾದರಿಗಳಿಗೆ ಕಂದು ಬಣ್ಣದ ಆಯ್ಕೆಯೂ ಬಂತು.

ಬೆಲೆ 12.99 ಲಕ್ಷದಿಂದ ಶುರು. ಆ ಸಂಖ್ಯೆ ನೋಡಿ ಎಲ್ಲರೂ ಹಾರಾಡಿದರು, ನಮ್ಮ ಹೊಸ ಮದುಮಗನೂ. ಆದರೆ ಅದು ಎಕ್ಸ್‌ಶೋರೂಂ ಬೆಲೆ. ಕಾರು ತಗೊಳ್ಳುವ ಯೋಚನೆಯಲ್ಲಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ರಸ್ತೆ ತೆರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ ಸೆಸ್ ಬೇರೆ. 12.99 ಲಕ್ಷದ ಗಾಡಿಗೆ ಅದೊಂದೇ ಸುಮಾರು ಎರಡೂವರೆ ಲಕ್ಷ. ಇನ್ಶೂರೆನ್ಸ್ ಇನ್ನೂ ಬಾಕಿ. ನಮ್ಮ ಏರು ಹತ್ತೋಕೆ ಬೇಕಾದ 4x4 ಡೀಸೆಲ್‌ಗೆ ಮಾತ್ರ, ಅದರ ಬೆಲೆ ಸೆಪ್ಟೆಂಬರ್‌ನಲ್ಲಿ ಹೇಳಿದರು: 18.79 ಲಕ್ಷದಿಂದ ಶುರು. ಅದಕ್ಕೆ ತೆರಿಗೆಯೇ ಮೂರೂವರೆ ಲಕ್ಷ. ಎಕ್ಸೆಲ್ ಶೀಟ್‌ನಲ್ಲಿ ಕೊನೆಯ ಸಾಲು ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆದರೂ ಶಿವಮೊಗ್ಗದ ಶೋರೂಮಿಗೆ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಸ್ಕ್ರೀನ್ ನೋಡಲಿಲ್ಲ, ಸನ್‌ರೂಫ್ ನೋಡಲಿಲ್ಲ. ಚಪ್ಪಲಿ ಬಿಟ್ಟು, ಹಿಂದಿನ ಬಾಗಿಲು ತೆಗೆಸಿ, ಹಿಡಿಕೆ ಹಿಡಿದು ನಿಧಾನಕ್ಕೆ ಹತ್ತಿ ಕೂತಳು. ಇಳಿದಳು. ಮತ್ತೆ ಹತ್ತಿದಳು. ಸೇಲ್ಸ್ ಹುಡುಗ ‘ಆಂಟಿ, ಒಂದು ಡ್ರೈವ್ ಹೋಗೋಣ್ವಾ?’ ಅಂದ. ‘ಬೇಡಪ್ಪ, ಹತ್ತಿ ಇಳಿಯೋದೇ ನನಗೆ ಬೇಕಿದ್ದಿದ್ದು’ ಅಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು: ‘ಬಾಗಿಲು ಸರಿ ಇದೆ. ರೇಟು ಸರಿ ಇಲ್ಲ. ನಿನ್ನ ಮದುವೆ, ಮನೆ, ಎಂತದೂ ಆಗಿಲ್ಲ. ನನ್ನ ಮಂಡಿಗೋಸ್ಕರ ಸಾಲ ಮಾಡ್ಬೇಡ.’

2024ರ ಅಕ್ಟೋಬರ್ 3ರಂದು ಬುಕಿಂಗ್ ತೆರೆದ ಮೊದಲ ಒಂದೇ ಗಂಟೆಯಲ್ಲಿ 1,76,218 ಜನ ಬುಕ್ ಮಾಡಿದರು ಅಂತ ಸುದ್ದಿ ಬಂತು. ಅದರಲ್ಲಿ ನಾವಿರಲಿಲ್ಲ. ಗ್ರೂಪಿನಲ್ಲಿ ಯಾರೂ ಇರಲಿಲ್ಲ. ಇಷ್ಟೊಂದು ಮಾತಾಡಿದ ಐವರಲ್ಲಿ ಒಬ್ಬರೂ ಅವತ್ತು ಬಟನ್ ಒತ್ತಲಿಲ್ಲ ಅನ್ನೋದು ನೆನೆಸಿಕೊಂಡರೆ ಈಗಲೂ ನಗು ಬರುತ್ತೆ. ಆ ವರ್ಷದ ಮಳೆಗಾಲವೂ ಮುಂದಿನ ವರ್ಷದ್ದೂ ಫೋನಿನಲ್ಲೇ ಕಳೆದವು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತು. ಇಂಥ ದೊಡ್ಡ ಗಾಡಿಗಳ ಮೇಲೆ ಸೆಸ್ ಸೇರಿ 50 ಪರ್ಸೆಂಟ್‌ವರೆಗೂ ಇದ್ದ ತೆರಿಗೆ 40ಕ್ಕೆ ಇಳಿಯಿತು. ರಾಕ್ಸ್ ಬೆಲೆ 1.33 ಲಕ್ಷದವರೆಗೆ ಕಡಿಮೆಯಾಯ್ತು. ಅದೇ ವಾರ ಚಿಕ್ಕಪ್ಪ ಫೋನ್ ಮಾಡಿದರು. ಕಮಾಂಡರ್‌ನ ಎಂಜಿನ್ ಇನ್ನೊಂದು ಸಲ ಬಿಚ್ಚಿಸೋದು ದಂಡ ಅಂತ ಮೆಕ್ಯಾನಿಕ್ ಹೇಳಿದ್ದನಂತೆ. ‘ನೋಡು ಮಗಾ, ಆ ವರ್ಷದ ಅಡಿಕೆ ದುಡ್ಡು ಸ್ವಲ್ಪ ಹಾಗೇ ಇದೆ. ಮುಂಗಡ ನಾನು ಕಟ್ತೀನಿ. ತಿಂಗಳ ಕಂತು ಅರ್ಧ ನೀನು, ಅರ್ಧ ನಾನು. ಗಾಡಿ ಊರಲ್ಲೇ ಇರ್ಲಿ. ಅಕ್ಕನ ತವರಿಗೂ ಆಯ್ತು, ನನ್ನ ತೋಟಕ್ಕೂ ಆಯ್ತು.’ ಅಮ್ಮನನ್ನು ಅವರು ಅಕ್ಕ ಅಂತಲೇ ಕರೆಯೋದು.

ಮತ್ತೆ ಎಕ್ಸೆಲ್ ತೆರೆದೆ. ಅರ್ಧ ಕಂತು ಅಂದರೆ ನಾನು ಬೆಂಗಳೂರಿನಲ್ಲಿ ತಿಂಗಳಿಗೆ ಕ್ಯಾಬ್‌ಗೂ ಹೊರಗಿನ ಊಟಕ್ಕೂ ಹಾಕುವಷ್ಟೇ. ವರ್ಷಕ್ಕೆ ಹತ್ತು-ಹದಿನೈದು ದಿನ ನಾನು ಓಡಿಸಬಹುದಾದ ಗಾಡಿಗೆ ಐದು ವರ್ಷ ದುಡ್ಡು ಕಟ್ಟೋದು ಲೆಕ್ಕದ ಪ್ರಕಾರ ಸರಿಯಲ್ಲ ಅಂತ ಸಹೋದ್ಯೋಗಿಗಳು ಹೇಳಿದರು. ಲೆಕ್ಕ ಅವರದ್ದೂ ಸರಿಯೇ. ನನ್ನ ಶೀಟ್‌ನಲ್ಲಿ ಮಾತ್ರ ಅವರಿಗೆ ಗೊತ್ತಿಲ್ಲದ ಒಂದು ಸಾಲಿತ್ತು: ಅಜ್ಜಿಯ ವಯಸ್ಸು.

ದೀಪಾವಳಿಗೆ ಸ್ವಲ್ಪ ಮೊದಲು ಗಾಡಿ ಬಂತು. ಕಂದು ಸೀಟಿನದು. ಹಬ್ಬಕ್ಕೆ ಹೋಗುವ ದಿನ ಬೆಳಿಗ್ಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಏರಿನಲ್ಲಿ ಕೆಂಪು ಕೆಸರು. ಚಿಕ್ಕಪ್ಪ ಗೇರ್ ಪಕ್ಕದ ಸಣ್ಣ ಲಿವರ್ ಎಳೆದು, ಏನೂ ಆಗಿಲ್ಲದವರ ಹಾಗೆ ಹತ್ತಿಸಿದರು. ಹಿಂದೆ ಅಮ್ಮ ಮಡಿಲಲ್ಲಿ ಹೋಳಿಗೆ ಡಬ್ಬಿ ಹಿಡಿದು ಕೂತಿದ್ದಳು, ಕಂಬಿ ಹಿಡಿದುಕೊಳ್ಳಲಿಲ್ಲ. ಅಂಗಳದಲ್ಲಿ ಗಾಡಿ ನಿಂತಾಗ ಅವಳೇ ಬಾಗಿಲು ತೆಗೆದು, ಅವಳೇ ಇಳಿದಳು. ಜಗಲಿ ಮೇಲೆ ಕೂತಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ‘ಯಾರೇ ಅದು, ಮಳೆ ಬಿಡೋ ಮುಂಚೆ ಬಂದಿದ್ದು?’ ಅಂದರು.

ಗ್ರೂಪ್ ಈಗಲೂ ಇದೆ. 2025ರ ಆಗಸ್ಟ್ 15ಕ್ಕೆ ಮುಂಬೈಯಲ್ಲಿ ಮಹೀಂದ್ರದವರು ವಿಷನ್ ಹೆಸರಿನ ನಾಲ್ಕು ಕಾನ್ಸೆಪ್ಟ್ ತೋರಿಸಿದ್ದಾರೆ, 2027ರಿಂದ ರಸ್ತೆಗೆ ಅಂತ ಹೇಳಿದ್ದಾರೆ. ಮದುವೆಯಾದ ಗೆಳೆಯನಿಗೆ ಈಗ ಮಗು ಆಗಿದೆ. ಅವನ ಊಹೆ ಬೆಲೆಯಿಂದ ಡಿಕ್ಕಿಯಲ್ಲಿ ಮಗುವಿನ ಗಾಡಿ ಹಿಡಿಸುತ್ತಾ ಅನ್ನೋದಕ್ಕೆ ಬಂದಿದೆ. ಜಿಮ್ನಿಯವನು ಏನು ಬಂದರೂ ಬೇಡ ಅಂತಾನೆ, ಆದರೆ ಫೋಟೊ ಮೊದಲು ಹಾಕೋನೂ ಅವನೇ.

ಹೋದ ವಾರ ಚಿಕ್ಕಪ್ಪ ಅಮ್ಮನನ್ನೂ ಗ್ರೂಪಿಗೆ ಸೇರಿಸಿದ್ದಾರೆ. ಸುರುಳಿ ಸ್ಟಿಕ್ಕರ್ ಗಾಡಿಯ ಫೋಟೊ ಒಂದು ಬಂದ ಕೂಡಲೇ ಅಮ್ಮನ ಮೊದಲ ವಾಯ್ಸ್ ಮೆಸೇಜ್: ‘ಅದ್ರ ಹಿಂದಿನ ಬಾಗಿಲು ಎಷ್ಟು ಮೊಳ ಇದೆ, ಒಂದ್ಸಲ ಎಣಿಸಿ ಹೇಳೇ.’